ಫೋರ್‌ವೀಲ್: ಲಿವರಾ, ಸ್ವಿಚ್ಚಾ?

ನಮ್ಮನೇಲಿ ಹದಿನೈದು ದಿನದಿಂದ ಇದೇ ಮಾತು. ಮಾವನ ಕಾಲದ ಜೀಪು ಕೊಟ್ಟು ಪಿಕಪ್ ತಗೊಳ್ಳೋದು ಅಂತ ಆಗಿದೆ. ಇವ್ರು ಫೋರ್‌ವೀಲಿಗೆ ಲಿವರ್ ಇರೋ ಹಳೇ ಗಾಡಿ ಒಂದನ್ನ ನೋಡಿಟ್ಟಿದಾರೆ. ಮಗನಿಗೆ ಸ್ವಿಚ್ಚಿಂದೇ ಬೇಕು. ನನ್ನನ್ನ ಯಾರೂ ಕೇಳ್ಲಿಲ್ಲ ಬಿಡಿ. ಆದ್ರೆ ಮಳೆಗಾಲದಲ್ಲಿ ನಮ್ಮನೆ ಏರು ಹತ್ತದಿದ್ರೆ ಆಸ್ಪತ್ರೆಗೂ ಹೋಗೋ ಹಂಗಿಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ. ಹಂಗಾಗಿ ಈ ಲಿವರ್ ಎಲ್ಲಿಂದ ಬಂತು ಅಂತ ಹುಡುಕ್ತಾ ಕೂತೆ.

ಇದು ಯುದ್ಧದ ಸಾಮಾನು ಮಾರಾಯ್ತಿ. 1941ರಿಂದ ಅಮೆರಿಕದ ಸೈನ್ಯಕ್ಕೆ ಅಂತ ಮಾಡಿದ ವಿಲ್ಲಿಸ್ ಜೀಪಲ್ಲಿ ಮೂರು ಲಿವರ್ ಇತ್ತು. ಒಂದು ಮಾಮೂಲಿ ಗೇರಿಗೆ, ಇನ್ನೊಂದು ಮುಂದಿನ ಚಕ್ರಕ್ಕೂ ಎಳೆತ ಕೊಡೋಕೆ, ಮತ್ತೊಂದು ಹೈ-ಲೋ ಬದಲಾಯಿಸೋಕೆ. ಲಿವರ್ ಎಳೆದ್ರೆ ಕೆಳಗೆ ಪೆಟ್ಟಿಗೆಯೊಳಗಿನ ಹಲ್ಲು ಹಲ್ಲಿಗೆ ಕೂರುತ್ತೆ. ಕೂತಿದ್ದು ಕೈಗೇ ಗೊತ್ತಾಗುತ್ತೆ. ಯುದ್ಧ ಮುಗಿದ ಮೇಲೆ ಡಾಡ್ಜ್ ಕಂಪ್ನಿ ತನ್ನ ಮಿಲಿಟರಿ ಲಾರಿಯನ್ನೇ ತಿದ್ದಿ 1946ರಲ್ಲಿ ಪವರ್ ವ್ಯಾಗನ್ ಅಂತ ಜನರಿಗೆ ಮಾರಿತು. ಫೋರ್‌ವೀಲ್ ಪಿಕಪ್ಪಿನ ಅಜ್ಜ ಅಂದ್ರೆ ಅದೇ. ಇತ್ತ ಬೊಂಬಾಯಲ್ಲಿ ಮಹೀಂದ್ರದೋರು 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸೋಕೆ ಶುರು ಮಾಡಿದ್ರು. ನಮ್ಮ ಜೀಪೂ ಅದೇ ಸಂತತಿ, ಗೇರಿನ ಪಕ್ಕ ಎರಡು ಗಿಡ್ಡ ಲಿವರ್ ಇನ್ನೂ ಇದಾವೆ. ಸೀರೆ ಉಟ್ಟು ಅದ್ರ ನಡುವೆ ಕಾಲಿಟ್ಟು ಕೂರೋದು ಹೆಂಗೆ ಅಂತ ಆಗ ಯಾರೂ ಯೋಚಿಸಿರ್ಲಿಲ್ಲ ಅನ್ಸುತ್ತೆ!

ಆ ಜೀಪುಗಳಲ್ಲಿ ಫೋರ್‌ವೀಲ್ ತೆಗೆದಿದ್ರೂ ಮುಂದಿನ ಆಕ್ಸಲ್ ಸುಮ್ನೆ ಸುತ್ತೋದು, ಪೆಟ್ರೋಲ್ ದಂಡ. ಅದನ್ನ ತಪ್ಪಿಸೋಕೆ 1948ರಲ್ಲಿ ಅಮೆರಿಕದ ಆರ್ಥರ್ ವಾರ್ನ್ ಅನ್ನೋರು ಚಕ್ರದ ಹಬ್ಬಿಗೇ ಬೀಗದಂಥದ್ದು ಮಾಡಿದ್ರು. ಒಳ್ಳೇದೇ. ಆದ್ರೆ ಬೇಕಾದಾಗ ಕೆಸರಿಗೆ ಇಳಿದು ಎರಡೂ ಚಕ್ರದಲ್ಲಿ ಕೈಯಲ್ಲೇ ತಿರುಗಿಸ್ಬೇಕಿತ್ತು.

ಬಟನ್ನು, ಸ್ವಿಚ್ಚು ಬಂದಿದ್ದು 1980ರ ದಶಕದ ಈಚೆಗೆ. ಒಳಗಿನ ಹಲ್ಲುಚಕ್ರ ಹೆಚ್ಚುಕಮ್ಮಿ ಅದೇ, ಎಳೆಯೋ ಕೆಲ್ಸ ಮಾತ್ರ ಸಣ್ಣ ಮೋಟರಿಂದು. ಹಲ್ಲು ಕೂತಿದ್ಯಾ ಅಂತ ಹೇಳೋದು ಒಂದು ದೀಪ. ಫೋರ್ಡ್ ಕಂಪ್ನಿ 1999ರ ಮಾಡೆಲ್ ಅಂತ ತಂದ ಸೂಪರ್ ಡ್ಯೂಟಿ ಪಿಕಪ್ಪಲ್ಲಿ ಲಿವರೂ ಇತ್ತು, ಸ್ವಿಚ್ಚೂ ಇತ್ತು, ಬೇಕಾದ್ದು ತಗೋಬಹುದಿತ್ತು. ತಮಾಷೆ ಅಂದ್ರೆ, ಸ್ವಿಚ್ಚಿನ ಗಾಡೀಲೂ ಹಬ್ಬನ್ನ ಕೈಯಲ್ಲಿ ತಿರುಗಿಸೋ ದಾರಿ ಉಳಿಸಿದ್ರು. ಮಾಡಿದೋರಿಗೇ ಪೂರ್ತಿ ಧೈರ್ಯ ಇರ್ಲಿಲ್ಲ ಅಂತ ನನ್ನ ಲೆಕ್ಕ. ಜಪಾನಿನ ಸುಜುಕಿ ಜಿಮ್ನಿ ಅಂತೂ ಬಟನ್ನಿಗೆ ಹೋಗಿ, 2018ರ ಹೊಸ ಮಾಡೆಲಲ್ಲಿ ವಾಪಸ್ ಲಿವರಿಗೇ ಬಂತು. ಇವ್ರು ದಿನಾ ಅದನ್ನೇ ಹೇಳ್ತಾರೆ. ಮಗ ಹೇಳೋದು, ನಮ್ಮ ದೇಶಕ್ಕೆ 2016ರಲ್ಲಿ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೋಟ ಹೈಲಕ್ಸ್ ಎರಡೂ ಸ್ವಿಚ್ಚಿನವೇ ಅಂತ.

ಇವ್ರ ಮಾತು ಪೂರ್ತಿ ಸುಳ್ಳಲ್ಲ. ಪಕ್ಕದ ಮನೆ ಪಿಕಪ್ಪಲ್ಲಿ ಹೋದ ಆಷಾಢದಲ್ಲಿ ಸ್ವಿಚ್ ತಿರುಗಿಸಿದ್ರೆ ದೀಪ ಮಿಣಮಿಣ ಅಂದಿದ್ದೇ ಬಂತು, ಫೋರ್‌ವೀಲ್ ಹಿಡೀಲಿಲ್ಲ. ನೋಡಿದ್ರೆ ಇಲಿ ವೈರ್ ಕಡಿದಿತ್ತು. ಲಿವರಿಗೆ ಇಲಿ ಕಾಟ ಇಲ್ಲ.

ಆದ್ರೆ ಅತ್ತೆಗೆ ಉಬ್ಬಸ ಜೋರಾದ ರಾತ್ರಿ ನಾನು ಮರೆಯಲ್ಲ. ಇವ್ರು ಊರಲ್ಲಿರ್ಲಿಲ್ಲ, ಜೀಪು ನಾನೇ ತೆಗೆದೆ. ಬೇಸಿಗೆ ಪೂರ್ತಿ ಮುಟ್ಟದೆ ಬಿಟ್ಟ ಲಿವರು ಬಿಗಿಯಾಗಿತ್ತು. ಎರಡೂ ಕೈಯಲ್ಲಿ ಎಳೆದೆ, ಬರ್ಲಿಲ್ಲ. ಹಿಂದಿನ ಸೀಟಲ್ಲಿ ಅತ್ತೆ ಉಸಿರೆಳೆಯೋ ಸದ್ದು. ಕೊನೆಗೆ ಲೈನ್ ಮನೆಯಿಂದ ಆಳನ್ನ ಎಬ್ಬಿಸಿ ತಂದು ಎಳೆಸಿದ ಮೇಲೆ ಏರು ಹತ್ತಿದ್ದು. ಅರ್ಧ ಗಂಟೆ ಹೋಯ್ತು. ಅತ್ತೆ ಉಳಿದ್ರು, ಆದ್ರೆ ಆ ಅರ್ಧ ಗಂಟೆ ನಂದು.

ಅದಕ್ಕೇ ನನ್ನ ಓಟು ಸ್ವಿಚ್ಚಿಗೆ. ಸೊಸೆಗೂ ನಾಳೆ ಓಡಿಸ್ಬೇಕಲ್ಲ. ಆದ್ರೆ ಯಾವ್ದೇ ತಗೊಂಡ್ರೂ ತಿಂಗಳಿಗೊಂದ್ಸಲ ಮಣ್ಣು ರಸ್ತೇಲಿ ಫೋರ್‌ವೀಲ್ ಹಾಕಿ ತೆಗೀಬೇಕು, ಇಲ್ದಿದ್ರೆ ಲಿವರೂ ಹಿಡ್ಕೊಳ್ಳುತ್ತೆ, ಮೋಟರೂ ಹಿಡ್ಕೊಳ್ಳುತ್ತೆ. ಒಣ ಟಾರಲ್ಲಿ ಮಾತ್ರ ಹಾಕ್ಬೇಡಿ. ತಿರುವಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಓಡೋ ದೂರ ಬೇರೆಬೇರೆ, ಒಳಗೆ ಬಿಗಿದು ಆಮೇಲೆ ಬಿಡೋದೇ ಇಲ್ಲ. ಹಂಗಾದ್ರೆ ಸ್ವಲ್ಪ ರಿವರ್ಸ್ ತಗೊಂಡು ನೋಡಿ.

ನಾಡಿದ್ದು ಗಾಡಿ ನೋಡೋಕೆ ಹೋಗ್ತಾರಂತೆ. ನಾನೂ ಬರ್ತೀನಿ, ನಮ್ಮನೆ ಏರಿನ ಬುಡಕ್ಕೆ ತಂದು ನಿಲ್ಲಿಸಿ, ಫೋರ್‌ವೀಲ್ ನಾನೇ ಹಾಕಿ ನೋಡ್ತೀನಿ ಅಂದಿದೀನಿ. ಇವ್ರು ಇನ್ನೂ ಉತ್ತರ ಕೊಟ್ಟಿಲ್ಲ.