ಉರ್ದು ಮನೆಗಳಿಗೆ ಇಂಗ್ಲಿಷ್ ಬಂದ ದಾರಿ

ಅನ್ಯಭಾಷೆಯ ಕಲಿಕೆ ಇಸ್ಲಾಮಿನ ಇತಿಹಾಸಕ್ಕೆ ಹೊಸತಲ್ಲ. ಮದೀನಾದಲ್ಲಿ ಯಹೂದಿಯರೊಂದಿಗಿನ ಪತ್ರವ್ಯವಹಾರಕ್ಕಾಗಿ ಅವರ ಬರಹವನ್ನು ಕಲಿಯುವಂತೆ ಪ್ರವಾದಿ ಮುಹಮ್ಮದ್(ಸ)ರು ಯುವಕ ಝೈದ್ ಬಿನ್ ಸಾಬಿತ್(ರ)ರಿಗೆ ಆದೇಶಿಸಿದರು. ಅವರು ಅದನ್ನು ಅರ್ಧ ತಿಂಗಳೊಳಗೆ ಕಲಿತರೆಂದು ತಿರ್ಮಿದಿಯ ವರದಿಯಲ್ಲಿದೆ. ಹೀಗಿದ್ದೂ, ಭಾರತದ ಮುಸ್ಲಿಮರು ಧರ್ಮದ ಕಾರಣದಿಂದಲೇ ಇಂಗ್ಲಿಷನ್ನು ದೂರವಿಟ್ಟರೆಂಬ ಮಾತು ಪ್ರಚಾರದಲ್ಲಿದೆ. ಇತಿಹಾಸವನ್ನು ನೋಡಿದರೆ ಚಿತ್ರ ಬೇರೆಯೇ ಇದೆ.

ಇಂಗ್ಲಿಷಿಗೂ ಉರ್ದುವಿಗೂ ನಡುವೆ ಮೊದಲ ಸೇತುವೆ ಕಟ್ಟಿದವರು ಇಂಗ್ಲಿಷ್ ಕಲಿಯಬಯಸಿದ ಮುಸ್ಲಿಮರಲ್ಲ, ಉರ್ದು ಕಲಿಯಬೇಕಾಗಿದ್ದ ಆಂಗ್ಲರು. 1782ರಲ್ಲಿ ವೈದ್ಯನಾಗಿ ಭಾರತಕ್ಕೆ ಬಂದ ಜಾನ್ ಗಿಲ್‌ಕ್ರಿಸ್ಟ್, ಹಿಂದುಸ್ತಾನಿಯನ್ನು ಅರಿಯದೆ ಇಲ್ಲಿ ಕೆಲಸ ಸಾಗದೆಂದು ಕಂಡುಕೊಂಡು ಇಂಗ್ಲಿಷ್–ಹಿಂದುಸ್ತಾನಿ ನಿಘಂಟನ್ನು ರಚಿಸಿದರು. 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು ಆರಂಭವಾದಾಗ ಕಂಪನಿಯ ಅಧಿಕಾರಿಗಳು ಅಲ್ಲಿ ಮುನ್ಷಿಗಳ ಮುಂದೆ ಕುಳಿತು ಉರ್ದು ಕಲಿತರು. ಆಳುವವರೇ ತಮ್ಮ ಭಾಷೆಯ ಆಧಾರದಿಂದ ನಮ್ಮ ಭಾಷೆಯನ್ನು ಕಲಿತರೆಂಬುದನ್ನು ನಾವು ಮರೆಯಬಾರದು.

ನಮ್ಮ ಹುಣಸೂರಿಗೂ ಆ ಕಾಲದ ನಂಟಿದೆ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಬೆಳೆದ ಅಮೃತ ಮಹಲ್ ಜಾನುವಾರು ಇಲಾಖೆಯನ್ನು 1813ರಲ್ಲಿ ಕಂಪನಿ ತನ್ನ ವಶಕ್ಕೆ ತೆಗೆದುಕೊಂಡಿತು. ಹುಣಸೂರು ಅದರ ಕೇಂದ್ರವಾಯಿತು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿಗಳು ಇಲ್ಲಿ ತಯಾರಾಗುತ್ತಿದ್ದವು. ಅಧಿಕಾರದ ಭಾಷೆ ಪರ್ಷಿಯನ್‌ನಿಂದ ಇಂಗ್ಲಿಷಿಗೆ ತಿರುಗುತ್ತಿದ್ದ ಕಾಲವದು. 1837ರ ಕಾನೂನಿನಿಂದ ಕಂಪನಿಯ ನ್ಯಾಯಾಲಯಗಳಲ್ಲಿ ಪರ್ಷಿಯನ್ ತನ್ನ ಸ್ಥಾನ ಕಳೆದುಕೊಂಡಿತು. ತಲೆಮಾರುಗಳಿಂದ ಪರ್ಷಿಯನ್ ಬಲ್ಲವರಾಗಿ ಸರಕಾರಿ ಕೆಲಸದಲ್ಲಿದ್ದ ಮನೆತನಗಳ ವಿದ್ಯೆಗೆ ಬೆಲೆಯಿಲ್ಲದಂತಾಯಿತು.

ಆಗ ವಿದ್ವಾಂಸರು ಬಾಗಿಲು ಮುಚ್ಚಿದರೇ? 1824ರಲ್ಲಿ ನಿಧನರಾದ ದೆಹಲಿಯ ಶಾಹ್ ಅಬ್ದುಲ್ ಅಝೀಝ್ ಅವರು ಇಂಗ್ಲಿಷ್ ಕಲಿಯುವುದು ಸಮ್ಮತವೆಂದು ಅದಾಗಲೇ ಫತ್ವಾ ನೀಡಿದ್ದರು. ಹಿಂಜರಿಕೆ ಇದ್ದುದು ನಿಜ. ಆದರೆ ಅದು ಹೆಚ್ಚಾಗಿ ಆ ಶಿಕ್ಷಣದ ಜೊತೆಗೆ ಬರಬಹುದಾದ ಪರಕೀಯ ಪ್ರಭಾವದ ಭಯದಿಂದ ಹುಟ್ಟಿದ್ದೇ ಹೊರತು ಭಾಷೆಯ ಮೇಲಿನ ದ್ವೇಷದಿಂದಲ್ಲ.

ಆ ಭಯವನ್ನು ನೀಗಿಸುವ ದಾರಿಯನ್ನು ಸರ್ ಸಯ್ಯದ್ ಅಹ್ಮದ್ ಖಾನ್ ತೋರಿಸಿದರು. 1864ರಲ್ಲಿ ಗಾಝೀಪುರದಲ್ಲಿ ಅವರು ಸ್ಥಾಪಿಸಿದ ವೈಜ್ಞಾನಿಕ ಸಂಘವು ಇಂಗ್ಲಿಷ್ ಗ್ರಂಥಗಳನ್ನು ಉರ್ದುವಿಗೆ ತಂದಿತು. 1866ರಲ್ಲಿ ಆರಂಭವಾದ ಅಲಿಗಢ ಇನ್‌ಸ್ಟಿಟ್ಯೂಟ್ ಗೆಝೆಟ್ ಪತ್ರಿಕೆ ಎರಡೂ ಭಾಷೆಗಳಲ್ಲಿ ಪ್ರಕಟವಾಗುತ್ತಿತ್ತು. 1875ರಲ್ಲಿ ಅವರು ಅಲಿಗಢದಲ್ಲಿ ತೆರೆದ ಶಾಲೆ ಮುಂದೆ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಅನಂತರ ಬಂದವರೂ ಇದೇ ದಾರಿ ಹಿಡಿದರು. 1898ರಲ್ಲಿ ಲಕ್ನೋದಲ್ಲಿ ಆರಂಭವಾದ ನದ್ವಾದ ದಾರುಲ್ ಉಲೂಮ್ ಇಂಗ್ಲಿಷನ್ನು ಪಠ್ಯಕ್ರಮದೊಳಗೆ ತಂದಿತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವು 1918ರಲ್ಲಿ ಉರ್ದುವನ್ನು ಬೋಧನಾ ಮಾಧ್ಯಮವಾಗಿಟ್ಟುಕೊಂಡೇ ಇಂಗ್ಲಿಷನ್ನು ಕಡ್ಡಾಯಗೊಳಿಸಿತು. 1937ರಲ್ಲಿ ಮೌಲವಿ ಅಬ್ದುಲ್ ಹಕ್ ಅವರ ಇಂಗ್ಲಿಷ್–ಉರ್ದು ನಿಘಂಟು ಹೊರಬಂತು. 1994ರಲ್ಲಿ ಮರ್ಕಝುಲ್ ಮಆರಿಫ್ ಸಂಸ್ಥೆ ಮದ್ರಸಾ ಪದವೀಧರರಿಗೆಂದೇ ಎರಡು ವರ್ಷದ ಇಂಗ್ಲಿಷ್ ಡಿಪ್ಲೊಮಾ ಆರಂಭಿಸಿತು. ಇವರಾರೂ ಇಂಗ್ಲಿಷಿಗಾಗಿ ಉರ್ದುವನ್ನು ಬಿಡಲಿಲ್ಲ, ಉರ್ದುವಿನ ಮೇಲೆ ನಿಂತು ಇಂಗ್ಲಿಷಿಗೆ ಕೈಚಾಚಿದರು.

ಇಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ನಮ್ಮ ಅನೇಕ ಮನೆಗಳಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತಿದೆ. ಮಗುವಿಗೆ ಇಂಗ್ಲಿಷ್ ಬರಲೆಂದು ತಂದೆತಾಯಿಗಳು ಉರ್ದುವನ್ನು ನಿಲ್ಲಿಸುತ್ತಾರೆ, ಕನ್ನಡವನ್ನು ಕಡೆಗಣಿಸುತ್ತಾರೆ. ಮಗು ಪಾಠವನ್ನು ಬಾಯಿಪಾಠ ಮಾಡುತ್ತದೆ, ಅರ್ಥ ಕೇಳಿದರೆ ಮೌನವಾಗುತ್ತದೆ.

ವಾಸ್ತವದಲ್ಲಿ ಆ ಮಗುವಿನ ಬಳಿ ದೊಡ್ಡ ಬಂಡವಾಳವೇ ಇದೆ. ಉರ್ದುವಿನ ‘ಘರ್ ಮೇಂ’, ಕನ್ನಡದ ‘ಮನೆಯಲ್ಲಿ’ ಎರಡರಲ್ಲೂ ಸಂಬಂಧ ಸೂಚಿಸುವ ಭಾಗ ನಾಮಪದದ ನಂತರ ಬರುತ್ತದೆ. ‘ಇನ್ ದ ಹೌಸ್’ ಎನ್ನುವಾಗ ಅದು ಮುಂದೆ ಬರುತ್ತದೆ. ಉರ್ದು, ಕನ್ನಡಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗಿರುತ್ತದೆ. ‘ಐ ರೀಡ್ ಎ ಬುಕ್’ ಎಂಬಲ್ಲಿ ಅದು ಕರ್ತೃವಿನ ಬೆನ್ನಿಗೇ ಇದೆ. ‘ಎ’, ‘ದ’ಗಳಿಗೆ ಸಮಾನವಾದುದು ನಮ್ಮ ಎರಡು ಭಾಷೆಗಳಲ್ಲಿಯೂ ಇಲ್ಲ; ಮಕ್ಕಳು ಅವನ್ನು ಬಿಟ್ಟುಬಿಡುವುದು ಇದರಿಂದಲೇ. ‘ಸ್ಕೂಲ್’ ಎಂಬುದು ನಮ್ಮ ನಾಲಗೆಯಲ್ಲಿ ‘ಇಸ್ಕೂಲ್’ ಆಗುವುದು ದಡ್ಡತನವಲ್ಲ, ಭಾಷೆಯ ಅಭ್ಯಾಸ. ಈ ವ್ಯತ್ಯಾಸಗಳನ್ನು ಮಗುವಿಗೆ ಅದರ ಮಾತಿನಲ್ಲಿಯೇ ವಿವರಿಸಿದರೆ ವ್ಯಾಕರಣ ಹೊರೆಯಾಗದು.

ಪದಸಂಪತ್ತೂ ಹಾಗೆಯೇ. ಇಂಗ್ಲಿಷಿನ ಆಲ್ಜಿಬ್ರಾ ಅರಬಿಯ ‘ಅಲ್-ಜಬ್ರ್’ನಿಂದ, ಮ್ಯಾಗಝೀನ್ ‘ಮಖಾಝಿನ್’ನಿಂದ ಬಂದವು, ಖಾಕಿ, ಪೈಜಾಮ, ಬಜಾರ್‌ಗಳು ಮಗುವಿಗೆ ಮೊದಲೇ ಪರಿಚಿತ. ನುಡಿಗಟ್ಟುಗಳನ್ನು ಮಾತ್ರ ಪದಕ್ಕೆ ಪದವಿಟ್ಟು ತಿರುಗಿಸಬಾರದು. ‘ನಾಚ್ ನ ಜಾನೇ ಆಂಗನ್ ಟೇಢಾ’ ಎಂಬುದಕ್ಕೆ ಕನ್ನಡದಲ್ಲಿ ‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎನ್ನುತ್ತೇವೆ. ಅದೇ ತಾತ್ಪರ್ಯಕ್ಕೆ ಆಂಗ್ಲರು, ಕೆಲಸ ಬಾರದವನು ಹತಾರವನ್ನು ದೂರುತ್ತಾನೆ ಎನ್ನುತ್ತಾರೆ. ಅರ್ಥಕ್ಕೆ ಅರ್ಥವನ್ನು ಹುಡುಕುವುದೇ ಸರಿಯಾದ ಅಭ್ಯಾಸ.

ಆದುದರಿಂದ ಪೋಷಕರು ಇಶಾ ನಮಾಝಿನ ನಂತರ ಕಾಲು ಗಂಟೆ ಮಕ್ಕಳೊಂದಿಗೆ ಕುಳಿತು, ದಿನಕ್ಕೆ ಐದು ವಾಕ್ಯಗಳನ್ನು ಮೂರೂ ಭಾಷೆಗಳಲ್ಲಿ ಹೇಳಿಸಲಿ, ಬರೆಯಿಸಲಿ. ತಾಯಿಗೆ ಇಂಗ್ಲಿಷ್ ಬಾರದಿದ್ದರೂ ಅರ್ಥವನ್ನು ಉರ್ದುವಿನಲ್ಲಿ ಕೇಳಬಲ್ಲಳು. ಆಕೆಗೆ ಅರ್ಥಮಾಡಿಸಿದ ಮಗು ಆ ಪಾಠವನ್ನು ಸುಲಭವಾಗಿ ಮರೆಯುವುದಿಲ್ಲ.