ಸವಳು ನೆಲ ಮತ್ತು ಕ್ಷಾರದ ಅರಿವು

ಸಂಡೂರು ತಾಲ್ಲೂಕಿನ ಬಂಡ್ರಿಯಿಂದ ಹೊರಟು ಹೊಸಪೇಟೆ, ಕಂಪ್ಲಿಗಳ ಮಾರ್ಗವಾಗಿ ಸಿರುಗುಪ್ಪದ ಕಡೆಗೆ ಪ್ರಯಾಣ ಮಾಡುವವರಿಗೆ, ಗುಡ್ಡಗಳ ಕೆಮ್ಮಣ್ಣು ಹಿಂದೆ ಸರಿದು ಎರೆಯ ಭೂಮಿ ಹರಡಿಕೊಳ್ಳುವುದು ಗೋಚರಿಸುತ್ತದೆ. ಈ ಎರೆಯ ನಡುವೆ ಬೇಸಗೆಯಲ್ಲಿ ಬಿಳಿಯ ಹುಡಿ ಮೇಲೇಳುವ ನೆಲವೂ ಅಲ್ಲಲ್ಲಿ ಉಂಟು. ಜನರು ಅದನ್ನು ಸವಳು ಅಥವಾ ಚೌಳು ಎನ್ನುತ್ತಾರೆ. ಈ ಒಂದೇ ಹೆಸರಿನಲ್ಲಿ ರಸಾಯನಶಾಸ್ತ್ರದ ದೃಷ್ಟಿಯಿಂದ ಭಿನ್ನವಾದ ಎರಡು ನೆಲಗಳು ಅಡಗಿವೆಯೆಂಬುದನ್ನೂ, ಆ ಭೇದವು ಶಾಸ್ತ್ರಕ್ಕಿಂತ ಮೊದಲೇ ನಮ್ಮ ಕಸುಬುದಾರರ ಅನುಭವಕ್ಕೆ ಬಂದಿತ್ತೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಬಳ್ಳಾರಿ ಸೀಮೆಯ ಉಪ್ಪಾರರು ಇಂಥ ಮಣ್ಣನ್ನು ನೀರಿನಲ್ಲಿ ತೊಳೆದು, ಬಸಿದ ನೀರನ್ನು ಬಿಸಿಲಿಗೆ ಆರಿಸಿ ಉಪ್ಪು ಮಾಡುತ್ತಿದ್ದರು. ಮದರಾಸು ಸರ್ಕಾರವು 1805ರಲ್ಲಿ ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿತು. ಆ ಶತಮಾನದ ಕೊನೆಯ ದಶಕಗಳಲ್ಲಿ ಮಣ್ಣುಪ್ಪಿನ ತಯಾರಿಕೆಯನ್ನೇ ಅಡಗಿಸಲಾಯಿತು. ಮಡಿವಾಳರಿಗಾದರೋ ಬೇಕಾಗಿದ್ದುದು ಬಟ್ಟೆಯ ಜಿಡ್ಡನ್ನು ಬಿಡಿಸುವ ಚೌಳು. ಬಳೆಗಾಜಿಗೂ ಅದೇ ಬೇಕು. 1800-01ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಚೌಳಿನಿಂದ ಗಾಜು ಕಾಯಿಸುತ್ತಿದ್ದುದನ್ನು ವರ್ಣಿಸಿದ್ದಾನೆ; ಅವನ ಗ್ರಂಥ 1807ರಲ್ಲಿ ಅಚ್ಚಾಯಿತು.

ಅಡುಗೆಯ ಉಪ್ಪು ಜಿಡ್ಡನ್ನು ತೆಗೆಯಲಾರದು. ಚೌಳು ಬೆರೆತ ಉಪ್ಪು ಬಾಯಿಗೆ ರುಚಿಸದು. ಆದುದರಿಂದ ಒಂದೇ ಮಣ್ಣು ಎರಡು ಕಸುಬುಗಳಿಗೂ ಒಪ್ಪುವಂತಿರಲಿಲ್ಲವೆಂದು ನಾವು ಊಹಿಸುತ್ತೇವೆ. ನಾಲಗೆಯ ಮೇಲಿನ ರುಚಿ, ಬೆರಳ ನಡುವಿನ ಜಾರು, ಇವೇ ಆಗಿನ ಮಾಪಕಗಳು. ಹಳೆಯ ಕಾಗದಪತ್ರಗಳಲ್ಲಿ ‘ಸವಳು’ ಎಂಬ ಮಾತು ಬಂದಾಗ, ಆ ಮಣ್ಣನ್ನು ಯಾವ ಕಸುಬಿಗೆ ಒಯ್ಯುತ್ತಿದ್ದರೆಂದು ವಿಚಾರಿಸದೆ ನೆಲದ ಗುಣವನ್ನು ನಿರ್ಣಯಿಸುವುದು ಸಾಧುವಲ್ಲ.

ಶಾಸ್ತ್ರವು ಈ ಭೇದಕ್ಕೆ ಕಾರಣ ಹೇಳಿದ್ದು ಬಹಳ ತಡವಾಗಿ. ಲವಣಗಳು ನೀರಿನಲ್ಲಿ ಅಯಾನುಗಳಾಗಿ ಒಡೆಯುತ್ತವೆಂಬ ವಾದವನ್ನು ಸ್ವೀಡನ್ನಿನ ಅರೇನಿಯಸ್ 1884ರಲ್ಲಿ ಮಂಡಿಸಿದನು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸನ್ 1909ರಲ್ಲಿ ಜಲಜನಕ ಅಯಾನುಗಳ ಪ್ರಮಾಣವನ್ನು ಸೂಚಿಸುವ ಪಿ.ಎಚ್. ಮಾನವನ್ನು ರೂಪಿಸಿದನು. 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಶುದ್ಧಜಲದ ಪಿ.ಎಚ್. 7, ಒಂದು ಅಂಕ ಏರಿದರೆ ಜಲಜನಕ ಅಯಾನುಗಳು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತವೆ.

ಲವಣ ಹೆಚ್ಚಿದಷ್ಟೂ ಕ್ಷಾರಗುಣ ಹೆಚ್ಚುತ್ತದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಅದು ಸರಿಯಲ್ಲ. ಅಡುಗೆಯುಪ್ಪನ್ನು ಎಷ್ಟು ಕರಗಿಸಿದರೂ ದ್ರಾವಣವು ಹೆಚ್ಚು ಕಡಿಮೆ ತಟಸ್ಥವಾಗಿಯೇ ಉಳಿಯುತ್ತದೆ. ಚೌಳಿನಲ್ಲಿರುವ ಸೋಡಿಯಂ ಕಾರ್ಬೊನೇಟಿನ ರೀತಿ ಬೇರೆ. ಅದರ ಕಾರ್ಬೊನೇಟ್ ಅಯಾನು ನೀರಿನಿಂದ ಜಲಜನಕ ಅಯಾನನ್ನು ಕಿತ್ತುಕೊಳ್ಳುತ್ತದೆ. ಹೈಡ್ರಾಕ್ಸಿಲ್ ಅಯಾನುಗಳು ಉಳಿದು ದ್ರಾವಣವು ಕ್ಷಾರವಾಗುತ್ತದೆ. ನಿರ್ಣಾಯಕವಾದುದು ಕರಗಿದ ಲವಣದ ತೂಕವಲ್ಲ, ಈ ಎರಡು ಅಯಾನುಗಳ ತಾರತಮ್ಯ.

ಈ ಭೇದ ಕೇವಲ ಪಾಠದ ವಿಷಯವಲ್ಲ. ಎರೆಯ ಭೂಮಿಯು ಕಾಲುವೆ ನೀರನ್ನು ತಾಳೀತೇ ಎಂಬ ಶಂಕೆಯಿಂದಲೇ 1937ರಲ್ಲಿ ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ಆರಂಭವಾಯಿತು. 1953ರಲ್ಲಿ ತುಂಗಭದ್ರೆಯ ನೀರು ಹರಿಯಿತು. ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ ನೆಲದಲ್ಲಿ ಬತ್ತ ವ್ಯಾಪಿಸಿತು, ಬಸಿಗಾಲುವೆಗಳು ಸಾಲದಾದವು, ಅಂತರ್ಜಲ ಮೇಲೇರಿ ಹಲವೆಡೆ ಹೊಲಗಳು ಸವಳಾದುವು, ಜವಳಾದುವು. ಮೇಲೇರಿದ ನೀರು ಆರಿದಾಗ ಅದರ ಸುಣ್ಣದ ಅಂಶ ಗಟ್ಟಿಯಾಗಿ ಬೇರ್ಪಡುತ್ತದೆ. ಸೋಡಿಯಂ ಉಳಿದು ಜೇಡಿಗೆ ಅಂಟಿಕೊಳ್ಳುತ್ತದೆ.

ಅಮೆರಿಕದ ಲವಣಮೃತ್ತಿಕಾ ಪ್ರಯೋಗಾಲಯವು 1954ರ ಕೈಪಿಡಿಯಲ್ಲಿ ಕ್ಷಾರಭೂಮಿಯನ್ನು ಗುರುತಿಸಲು ಪಿ.ಎಚ್. 8.5ನ್ನು ಒಂದು ಗಡಿಯಾಗಿ ಇರಿಸಿತು. ಬರಿಯ ಲವಣಭೂಮಿಗೆ ಸಿಹಿನೀರು ಹಾಯಿಸಿ ಬಸಿದರೆ ಸಾಕು. ಕ್ಷಾರಭೂಮಿಗೆ ಹಾಗೆಯೇ ಮಾಡಿದರೆ ಜೇಡಿ ಕದಡಿ ರಂಧ್ರಗಳು ಮುಚ್ಚಿ, ನೀರು ಇಂಗುವುದೇ ನಿಲ್ಲುತ್ತದೆ. ಅಲ್ಲಿ ಮೊದಲು ಜಿಪ್ಸಂ ಬೆರೆಸಿ, ಅದರ ಕ್ಯಾಲ್ಸಿಯಂ ಸೋಡಿಯಂನ ಸ್ಥಾನವನ್ನು ಪಡೆದ ಮೇಲೆಯೇ ನೀರು ಹಾಯಿಸಬೇಕು.