ಗಣಕಯಂತ್ರದ ಪುನರಾರಂಭವೂ ಅನುಪಲಬ್ಧಿಪ್ರಮಾಣವೂ

೧

ಅನೇಕರ ಕೆಲಸವನ್ನು ಹಗಲಿರುಳೂ ನಡೆಯಿಸುವ ಸರ್ವರ್ ಎಂಬ ಗಣಕಯಂತ್ರವು ಎರಡು ಬಗೆಯಲ್ಲಿ ನಿಲ್ಲುವುದುಂಟು. ಆಜ್ಞೆಯಂತೆ ಹಿಡಿದ ಕೆಲಸಗಳನ್ನು ಮುಗಿಸಿ, ಸ್ಮೃತಿಯಲ್ಲಿರುವುದನ್ನು ಡಿಸ್ಕಿಗೆ ಬರೆದು ನಿಲ್ಲುವುದು ಒಂದು; ವಿದ್ಯುತ್ತು ತಪ್ಪಿಯೋ ಒಳಗಿನ ದೋಷದಿಂದಲೋ ನಡುವೆಯೇ ನಿಂತುಬಿಡುವುದು ಇನ್ನೊಂದು. ಮೊದಲನೆಯದನ್ನು ಕ್ರಮನಿಲುಗಡೆಯೆಂದೂ ಎರಡನೆಯದನ್ನು ಅಪಘಾತವೆಂದೂ ಕರೆಯಬಹುದು. ಮರಳಿ ಹೊರಟ ಯಂತ್ರದ ಸ್ಮೃತಿಯು ಎರಡು ಪಕ್ಷದಲ್ಲಿಯೂ ಬರಿದಾಗಿಯೇ ಇರುವುದು. ಆದರೆ ಅಪಘಾತದಲ್ಲಿ ಡಿಸ್ಕಿನ ಬರೆಹವು ಅರ್ಧಕ್ಕೆ ನಿಂತಿರಬಹುದಾದುದರಿಂದ, ಭೇದವನ್ನರಿಯದೆ ಮುಂದುವರಿದರೆ ಲೆಕ್ಕಪತ್ರಗಳೇ ಕೆಡುವ ಸಂಭವವುಂಟು. ಈ ಭೇದವನ್ನು ನಿರ್ಣಯಿಸುವ ಸಾಧನಗಳು ಹೇಗೆ ಬೆಳೆದುಬಂದುವೆಂಬುದು ವಿಚಾರಾರ್ಹವಾಗಿದೆ.

೨

ಬೆಲ್ ಪ್ರಯೋಗಶಾಲೆಯ ಯೂನಿಕ್ಸ್ ವ್ಯವಸ್ಥೆಯಲ್ಲಿ ‘ಡಬ್ಲ್ಯುಟಿಎಂಪಿ’ ಎಂಬ ಕಡತವು ಬಳಕೆದಾರರ ಪ್ರವೇಶನಿರ್ಗಮನಗಳ ದಿನಚರಿ. ೧೯೭೯ರ ಏಳನೆಯ ಆವೃತ್ತಿಯ ಕೈಪಿಡಿಯ ಪ್ರಕಾರ, ಟರ್ಮಿನಲ್ಲಿನ ಹೆಸರಿರಬೇಕಾದೆಡೆಯಲ್ಲಿ ಅಲೆಯಾಕಾರದ ಚಿಹ್ನೆಯಿದ್ದರೆ ಆ ಕಾಲದಲ್ಲಿ ಯಂತ್ರವು ಪುನಃ ಆರಂಭವಾಯಿತೆಂದು ತಿಳಿಯತಕ್ಕುದು. ಆರಂಭಕ್ಕೆ ಗುರುತುಂಟು, ನಿಲುಗಡೆಗೆ ಇಲ್ಲ. ಆದಕಾರಣ ಯಂತ್ರವು ಹೇಗೆ ನಿಂತಿತೆಂಬುದು ಆ ಗುರುತಿನಿಂದ ತಿಳಿಯದು. ೧೯೮೦ರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಪರಂಪರೆಯು ಈ ಕೊರತೆಯನ್ನು ತುಂಬಿತು. ಅಲ್ಲಿ ಕ್ರಮವಾಗಿ ನಿಲ್ಲಿಸುವ ಆಜ್ಞೆಯೇ ಕಡತದಲ್ಲಿ ‘ಷಟ್‌ಡೌನ್’ ಎಂದು ಬರೆದಿಡುವುದು. ಒಬ್ಬನ ನಿರ್ಗಮನವು ದಾಖಲಾಗದೆಯೇ ಯಂತ್ರವು ನಿಂತಿದ್ದರೆ, ಕಡತವನ್ನು ಓದುವ ‘ಲಾಸ್ಟ್’ ಎಂಬ ಆಜ್ಞೆಯು ಷಟ್‌ಡೌನ್ ಗುರುತಿದ್ದಲ್ಲಿ ‘ಡೌನ್’ ಎಂದೂ ಇಲ್ಲದಲ್ಲಿ ‘ಕ್ರ್ಯಾಷ್’ ಎಂದೂ ತೋರಿಸುವುದು. ಅಪಘಾತವನ್ನು ಯಾರೂ ಬರೆದಿಟ್ಟಿಲ್ಲ. ಬರೆಯಬೇಕಾದುದು ಬರೆಯಲ್ಪಡದಿರುವುದೇ ಅಲ್ಲಿ ಪ್ರಮಾಣ.

೩

ಇದು ಭಾಟ್ಟಮೀಮಾಂಸಕರು ಆರನೆಯ ಪ್ರಮಾಣವೆಂದು ಅಂಗೀಕರಿಸಿದ ಅನುಪಲಬ್ಧಿಯ ವಿಷಯ. ನೈಯಾಯಿಕರು ಇದನ್ನು ಬೇರೆ ಪ್ರಮಾಣವೆಂದು ಒಪ್ಪದಿದ್ದರೂ ಒಂದು ನಿಯಮದಲ್ಲಿ ಉಭಯರಿಗೂ ವಿವಾದವಿಲ್ಲ: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧವಾಗುವುದು. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಓಲೆಯ ಪ್ರತಿಯಲ್ಲಿ ಪುಷ್ಪಿಕೆಯಿಲ್ಲದ ಮಾತ್ರಕ್ಕೆ ಲಿಪಿಕಾರನು ಬರೆಹವನ್ನು ನಡುವೆ ಬಿಟ್ಟನೆನ್ನಲಾಗದು. ಕೊನೆಯ ಗರಿಯು ಕಳೆದುಹೋಗಿರಲೂಬಹುದು. ದಿನಚರಿಯ ಕಡತಕ್ಕೂ ಈ ಆಕ್ಷೇಪವು ತಟ್ಟದಿರದು; ಅದರ ಕೊನೆಯ ಸಾಲುಗಳೂ ನಷ್ಟವಾಗಬಲ್ಲವು.

ಈ ಆಕ್ಷೇಪಕ್ಕೆ ಬಹುಮಟ್ಟಿಗೆ ಸಮಾಧಾನವು ದೊರೆತುದು ಡಿಸ್ಕಿನಲ್ಲಿಯೇ ನಿಯತಸ್ಥಾನದಲ್ಲಿಡುವ ಗುರುತಿನಿಂದ. ೧೯೯೩ರಲ್ಲಿ ಲಿನಕ್ಸಿಗಾಗಿ ರಚಿತವಾದ ‘ಇಎಕ್ಸ್‌ಟಿ೨’ ಕಡತವ್ಯವಸ್ಥೆಯಲ್ಲಿ, ಬಳಕೆಗೆ ತೆರೆದೊಡನೆ ‘ಶುದ್ಧ’ವೆಂಬ ಗುರುತನ್ನು ಯಂತ್ರವು ತಾನೇ ಅಳಿಸುವುದು, ಕ್ರಮವಾಗಿ ಮುಚ್ಚುವಾಗ ಮರಳಿ ಬರೆಯುವುದು. ಮರುಆರಂಭದಲ್ಲಿ ಗುರುತು ಕಾಣದಿದ್ದರೆ ‘ಎಫ್‌ಎಸ್‌ಸಿಕೆ’ ಎಂಬ ಪರೀಕ್ಷಕಕ್ರಮವು ಡಿಸ್ಕನ್ನು ಶೋಧಿಸುವುದು. ಮೊದಲು ಅಳಿಸುವುದು, ಕೊನೆಗೆ ಬರೆಯುವುದು ಎಂಬ ಈ ಕ್ರಮದಲ್ಲಿಯೇ ಉಪಾಯದ ಜೀವವಿರುವುದು. ನೋಡತಕ್ಕ ಸ್ಥಳವು ನಿಯತವಾದುದರಿಂದ ಇಲ್ಲಿಯ ಅನುಪಲಬ್ಧಿಯು ಯೋಗ್ಯಾನುಪಲಬ್ಧಿ.

೪

ವಿಂಡೋಸ್ ಪರಂಪರೆಯು ಅಭಾವವನ್ನು ವಾಕ್ಯರೂಪಕ್ಕೆ ತಂದಿತು. ಅದರ ಘಟನಾದಾಖಲೆಯಲ್ಲಿ ೬೦೦೬ ಎಂಬ ಸಂಖ್ಯೆಯು ದಾಖಲೆಯ ಸೇವೆಯು ಕ್ರಮವಾಗಿ ನಿಂತುದನ್ನೂ, ೬೦೦೮ ಎಂಬುದು ಹಿಂದಿನ ನಿಲುಗಡೆಯು ಅನಿರೀಕ್ಷಿತವಾಗಿತ್ತೆಂಬುದನ್ನೂ ತಿಳಿಸುವುವು. ೬೦೦೮ನ್ನು ಬರೆಯುವುದು ನಿಂತ ಯಂತ್ರವಲ್ಲ, ಮರಳಿ ಎದ್ದ ಯಂತ್ರ. ಬದುಕಿದ್ದಾಗ ಆಗಾಗ ಬರೆದಿಟ್ಟ ಕಾಲಮುದ್ರೆಯನ್ನು ನೋಡಿ ನಿಂತ ವೇಳೆಯನ್ನೂ ಅದು ಹೇಳುವುದು. ೨೦೦೩ರ ವಿಂಡೋಸ್ ಸರ್ವರ್ ಆವೃತ್ತಿಯು ಇಂತಹ ನಿಲುಗಡೆಯ ಕಾರಣವನ್ನು ಅಧಿಕಾರಿಯಿಂದಲೇ ಕೇಳಿ ಬರೆದುಕೊಳ್ಳತೊಡಗಿತು.

ಈ ಪ್ರಶ್ನೆಗೆ ಎಡೆಯಿರುವುದು ಯುಕ್ತವೇ. ಏಕೆಂದರೆ ಅನುಪಲಬ್ಧಿಯು ಕ್ರಮನಿಲುಗಡೆಯ ಅಭಾವವನ್ನು ಸಾಧಿಸೀತೇ ಹೊರತು ಅಪಘಾತದ ಕಾರಣವನ್ನಲ್ಲ. ಯಾರೋ ಗುಂಡಿಯನ್ನು ಒತ್ತಿಹಿಡಿದು ನಿಲ್ಲಿಸಿದರೂ ವಿದ್ಯುತ್ತು ಹೋದರೂ ಗುರುತಿಲ್ಲದಿರುವುದು ಒಂದೇ. ಕಾರಣಕ್ಕೆ ಭಾವರೂಪವಾದ ಸಾಕ್ಷ್ಯವೇ ಬೇಕು. ಬರ್ಕ್ಲಿ ಯೂನಿಕ್ಸಿನಲ್ಲಿ ಕುಸಿಯುವ ಯಂತ್ರವು ಸ್ಮೃತಿಯ ಪ್ರತಿಯನ್ನು ಡಿಸ್ಕಿಗೆ ಇಳಿಸುವುದೂ, ಎದ್ದ ಮೇಲೆ ‘ಸೇವ್‌ಕೋರ್’ ಅದನ್ನು ತೆಗೆದಿರಿಸುವುದೂ ಇದಕ್ಕಾಗಿಯೇ. ೨೦೧೧ರಲ್ಲಿ ಲಿನಕ್ಸಿಗೆ ಸೇರಿದ ‘ಪಿಸ್ಟೋರ್’ ಯಂತ್ರದ ಕೊನೆಯ ಮಾತುಗಳನ್ನು ಪುನರಾರಂಭದಲ್ಲಿ ಅಳಿಯದ ಸ್ಥಳದಲ್ಲಿ ಕಾಯುವುದು. ಇಂತಹ ಸಾಕ್ಷ್ಯವಿಲ್ಲದೆ ಯಂತ್ರವನ್ನಾಗಲಿ ಮನುಷ್ಯನನ್ನಾಗಲಿ ದೂಷಿಸುವುದು ನ್ಯಾಯವಲ್ಲ.

೫

ಗುರುತಿನ ವಿಷಯದಲ್ಲಿಯೇ ಸಂದೇಹವುಳಿದರೆ ಗತಿಯೇನು? ಇಲ್ಲಿ ಎರಡು ಭ್ರಮೆಗಳು ಸಮವಲ್ಲ. ಕ್ರಮನಿಲುಗಡೆಯನ್ನು ಅಪಘಾತವೆಂದು ಭ್ರಮಿಸಿದರೆ ವ್ಯರ್ಥಪರೀಕ್ಷೆಯಿಂದ ಕಾಲಹಾನಿ; ಅಪಘಾತವನ್ನು ಕ್ರಮನಿಲುಗಡೆಯೆಂದು ಭ್ರಮಿಸಿದರೆ ದಾಖಲೆಯ ಹಾನಿ. ಪೋಸ್ಟ್‌ಗ್ರೆಸ್ ದತ್ತಸಂಗ್ರಹವು ತನ್ನ ನಿಯಂತ್ರಣಕಡತದಲ್ಲಿ ಕ್ರಮವಾಗಿ ಮುಚ್ಚಿದ ಗುರುತನ್ನು ಕಾಣದಿದ್ದರೆ, ೨೦೦೧ರ ೭.೧ನೆಯ ಆವೃತ್ತಿಯಿಂದ ಬಂದ ಮುಂಗಡಬರೆಹದ ದಿನಚರಿಯನ್ನು ಓದಿ, ನಡೆದ ಬದಲಾವಣೆಗಳನ್ನು ಮರಳಿ ನಡೆಯಿಸಿಯೇ ಬಾಗಿಲು ತೆರೆಯುವುದು. ಆದುದರಿಂದ ಕ್ರಮನಿಲುಗಡೆಯೇ ಸಾಧಿಸಲ್ಪಡತಕ್ಕುದು, ಅಪಘಾತವಲ್ಲ. ಗುರುತಿಲ್ಲದೆಡೆ ಅಪಘಾತವೆಂದೇ ನಡೆದುಕೊಳ್ಳತಕ್ಕುದೆಂಬುದು ಸಿದ್ಧಾಂತ.